ಈರವ್ವನ ಐದು ಹೆಸರು

ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕು ತೆರೆದೆವು. ಎರಡು ಇಳಕಲ್ ಸೀರೆ, ಒಂದು ವಿಭೂತಿ ಗಟ್ಟಿ, ಕುಬಸದ ಗಂಟು, ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಕಾಗದಗಳು. ಹೊಲದ ವಾರಸಾ ಮಾಡಿಸಲು, ಅಂದರೆ ಅವಳ ಹೊಲ ವಾರಸುದಾರರ ಹೆಸರಿಗೆ ಬರಲು, ಆ ಕಾಗದ ಬೇಕಿತ್ತು. ಚಾಪೆಯ ಮೇಲೆ ಒಂದೊಂದನ್ನೇ ಹರಡಿದೆವು. ಹೊಲದ ದಾಖಲೆಯಾದ ಉತಾರದಲ್ಲಿ ವೀರವ್ವ. ರೇಷನ್ ಕಾರ್ಡಿನಲ್ಲಿ ಈರವ್ವ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್: ಐ, ಆರ್, ಎ, ಎರಡು ಡಬ್ಲ್ಯು, ಎ. ಮಹಾರಾಷ್ಟ್ರದ ಮಿರಜದ ಆಸ್ಪತ್ರೆಯ ಮರಾಠಿ ಚೀಟಿಯಲ್ಲಿ ಇರಾವ್ವಾ. ಕೊನೆಯಲ್ಲಿ ಮಾಡಿಸಿದ ಗುರುತಿನ ಚೀಟಿಯಲ್ಲಿ ಐರವಾ.

ಐದು ಕಾಗದ, ಐದು ಹೆಸರು. ಇವರೆಲ್ಲ ಒಬ್ಬಳೇ ಹೆಂಗಸು ಎಂದು ಸಾಬೀತು ಮಾಡುವುದರಲ್ಲಿ ಆರು ತಿಂಗಳು ಹೋಯಿತು.

ಅಜ್ಜಿ ಇದ್ದಾಗಲೇ ಒಮ್ಮೆ ನನ್ನನ್ನು ಕೇಳಿದ್ದಳು. ನಮ್ಮದು ಅಥಣಿ ತಾಲೂಕಿನ ಹಳ್ಳಿ, ದೊಡ್ಡ ಕಾಯಿಲೆಗೆಲ್ಲ ಮಿರಜವೇ ಗತಿ. ಆಸ್ಪತ್ರೆಯ ಬಾಕಿನ ಮೇಲೆ ಕೂತು ಆ ಚೀಟಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಒಬ್ಬಾಕಿನ ಅದೀನಿ, ನನ್ನ ಹೆಸರ ಯಾಕ ಇಷ್ಟ ಅದಾವ?" ಎಂದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ, ಊರೂರಿನ ಬೋರ್ಡು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಮನಸ್ಸಿಗೆ ಬಂದ ಹಾಗೆ ಕೆಡುವುದಿಲ್ಲ. ಪ್ರತಿ ಭಾಷೆಗೂ ತನ್ನದೇ ಸದ್ದುಗಳಿವೆ. ಪದ ಹೇಗೆ ಶುರುವಾಗಬೇಕು, ಹೇಗೆ ಮುಗಿಯಬೇಕು ಎಂಬ ರೂಢಿ ಇದೆ. ಹೊರಗಿನ ಹೆಸರು ಆ ರೂಢಿಗೆ ಹೊಂದಿಕೊಂಡೇ ಒಳಗೆ ಬರುತ್ತದೆ. ಇದು ಬಾಯಿಯ ಕೆಲಸ. ಲಿಪಿಯ ಕೆಲಸ ಬೇರೆ, ಕಚೇರಿಯ ಅರ್ಜಿಯ ಕೆಲಸ ಇನ್ನೂ ಬೇರೆ. ಬಾಯಿ ಬದಲಿಸಿದ ಹೆಸರು ಆ ಊರಿನದಾಗಿಬಿಡುತ್ತದೆ. ಕಾಗದ ಬದಲಿಸಿದ ಹೆಸರು ಎಷ್ಟೋ ಸಲ ಯಾರದೂ ಆಗುವುದಿಲ್ಲ. ನನ್ನ ತಕರಾರು ಈ ಎರಡನೆಯದರ ಮೇಲೆ ಮಾತ್ರ.

ಮೊದಲು ಬಾಯಿಯ ವಿಷಯ. ಉತಾರದ ವೀರವ್ವ ನಮ್ಮ ಮನೆಯಲ್ಲಿ ಈರವ್ವ ಆದದ್ದು ಯಾಕೆ? ನಮ್ಮ ಕಡೆಯ ಮಾತಿನಲ್ಲಿ ಪದದ ಮೊದಲಿಗೆ 'ವಿ', 'ವೀ' ಬಂದರೆ ವಕಾರ ಉದುರುತ್ತದೆ. ವಿಚಾರ ಇಚಾರ ಆಗುತ್ತದೆ, ವಿಷ ಇಸ ಆಗುತ್ತದೆ. ಹಾಗೆಯೇ ವೀರಭದ್ರ ಈರಭದ್ರ, ವೀರಣ್ಣ ಈರಣ್ಣ. ಲಿಂಗಪ್ಪ ನಿಂಗಪ್ಪ ಆದದ್ದೂ ಇಂಥದೇ ಬದಲಾವಣೆ. ಸವದತ್ತಿಯ ಎಲ್ಲಮ್ಮ ಯಲ್ಲಮ್ಮ ಆದದ್ದು, ಕನ್ನಡಿಗರ ಬಾಯಲ್ಲಿ ಪದದ ಮೊದಲ 'ಎ' ಹಿಂದೆ ಸಣ್ಣಗೆ ಒಂದು 'ಯ' ಸೇರಿಕೊಳ್ಳುವುದರಿಂದ. ಎಂಟು ಎನ್ನುವಾಗ ನಿಮ್ಮ ನಾಲಿಗೆಯನ್ನೇ ಗಮನಿಸಿ, ಗೊತ್ತಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ಹೆಸರುಗಳು ಕನ್ನಡಕ್ಕೆ ಬಂದ ದಾರಿ ಕಾಣುತ್ತದೆ. ಒತ್ತಕ್ಷರಗಳ ಗಂಟು ಕನ್ನಡದ ಬಾಯಿಗೆ ಒಗ್ಗುತ್ತಿರಲಿಲ್ಲ. ಬಿಡಿಸಿಕೊಳ್ಳಲು ಎರಡು ಉಪಾಯ. ನಡುವೆ ಒಂದು ಸ್ವರ ಹಾಕುವುದು, ಇಲ್ಲವೇ ಒಂದೇ ಅಕ್ಷರವನ್ನು ಜೋಡಿ ಮಾಡುವುದು. ಬ್ರಹ್ಮ ಎಂಬ ಹೆಸರಿನ ಮೇಲೆ ಎರಡೂ ಉಪಾಯ ನಡೆದಿವೆ. ಸ್ವರ ಹಾಕಿದವರು ಭರಮ ಎಂದರು, ಅದರಿಂದ ಭರಮಪ್ಪ, ಭರಮಗೌಡ ಬಂದರು. ಜೋಡಿ ಮಾಡಿದವರು ಬೊಮ್ಮ ಎಂದರು, ಅದರಿಂದ ಬೊಮ್ಮಣ್ಣ, ಬೊಮ್ಮಾಯಿ ಬಂದರು. ವೃಷಭ ಎಂಬುದು ಬಸವ ಆಯಿತು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಗೆ ಹೋಗಿ 'ವೃಷಭಣ್ಣ' ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಬಸವಣ್ಣ ಎಂಬುದು ನಮಗೆ ಅಷ್ಟು ಸ್ವಂತ. ರಾಜ ಎಂಬುದು ರಾಯ ಆಗಿ ಸಂಗೊಳ್ಳಿಯಲ್ಲಿ ರಾಯಣ್ಣ ಆಯಿತು. ಅದೇ ಪದ ಮರಾಠಿಯ ಬಾಯಲ್ಲಿ ಇನ್ನಷ್ಟು ಸವೆದು ರಾವ್ ಆಯಿತು. ಒಂದೇ ಬೇರು, ಎರಡು ಕೊಂಬೆ.

ಕೃಷ್ಣನ ಹೆಸರನ್ನೇ ನೋಡಿ. ಪ್ರಾಕೃತದಲ್ಲಿ ಕಣ್ಹ. ತಮಿಳಿನಲ್ಲಿ ಕಣ್ಣನ್. ಹಿಂದಿಯಲ್ಲಿ ಕನ್ಹಯ್ಯಾ, ಮರಾಠಿಯಲ್ಲಿ ಕಾನ್ಹೋಬಾ. ನಮ್ಮ ಈ ನೆಲವನ್ನೆಲ್ಲ ಆಳಿದ ರಾಷ್ಟ್ರಕೂಟರಲ್ಲಿ ಕೃಷ್ಣ ಎಂಬ ಹೆಸರಿನ ಅರಸರಿದ್ದರಲ್ಲ, ಕನ್ನಡ ಶಾಸನಗಳು ಆ ಹೆಸರನ್ನು ಕನ್ನರ ಎಂದು ಬರೆಯುತ್ತವೆ. ಸಂಸ್ಕೃತದಲ್ಲಿ ಕೃಷ್ಣರಾಜ, ಜನರ ನುಡಿಯಲ್ಲಿ ಕನ್ನರದೇವ. ಅರಸನಿಗೇ ಎರಡು ಹೆಸರಿದ್ದವು ಎಂದು ಅಜ್ಜಿಗೆ ಹೇಳಬೇಕಿತ್ತು.

ಅರೇಬಿಕ್, ಪಾರಸಿ ಹೆಸರುಗಳ ಕತೆ ನನಗೆ ತುಂಬ ಇಷ್ಟ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಫಕೀರಪ್ಪ, ಪೀರಪ್ಪ, ಲಾಲಪ್ಪ, ಹುಸೇನಪ್ಪ ಎಂಬ ಹಿಂದೂ ಹೆಸರುಗಳಿವೆ. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಇಟ್ಟ ಹೆಸರುಗಳು. ಫಕೀರ ಅರೇಬಿಕ್ ಪದ, ಅಪ್ಪ ನಮ್ಮದು. ಎರಡಕ್ಕೂ ನಡುವೆ ಹೊಲಿಗೆಯೇ ಕಾಣುವುದಿಲ್ಲ. ಹಳೆಯ ಕನ್ನಡದ ಬಾಯಿಗೆ 'ಫ' ಇರಲಿಲ್ಲ, ಹಾಗಾಗಿ ಹಿರಿಯರು ಪಕ್ಕೀರಪ್ಪ ಎಂದೇ ಕರೆಯುತ್ತಾರೆ. ಮುಸ್ಲಿಮರ ಮನೆಗಳಲ್ಲೂ ಇದೇ ಹೊಂದಿಕೆ. ಅರೇಬಿಕ್‌ನ ಸಾಹಿಬ್ ಇಲ್ಲಿ ಸಾಬ ಆಗಿ, ಹುಸೇನಸಾಬ, ಇಮಾಮಸಾಬ, ಮೌಲಾಸಾಬ ಎಂದು ಕೊನೆಗೆ ಕೂತಿದೆ. ದಸ್ತಗೀರ ಎಂದರೆ ಪಾರಸಿಯಲ್ಲಿ ಕೈ ಹಿಡಿಯುವವನು. ಅದಕ್ಕೂ ಸಾಬ ಸೇರಿ ದಸ್ತಗೀರಸಾಬ ಆಗುತ್ತದೆ. ಕೊನೆಯ ಆ ಅಕಾರ ಇದೆಯಲ್ಲ, ಅದು ಕನ್ನಡದ ಕಾಣಿಕೆ. ಹಳೆಯ ರೂಢಿಯ ಕನ್ನಡ ಪದ ಸ್ವರದಲ್ಲೇ ಮುಗಿಯಬೇಕು. ಬಸ್ ಬಂದರೆ ಬಸ್ಸು, ಕಾರ್ ಬಂದರೆ ಕಾರು, ಸಾಬ್ ಬಂದರೆ ಸಾಬ.

ವಿಜಯಪುರದ ಸುಲ್ತಾನರ ಹೆಸರು ಪಶ್ಚಿಮಕ್ಕೂ ಹೋಯಿತು. 1510ರಲ್ಲಿ ಗೋವೆಯನ್ನು ಆದಿಲಶಾಹಿಗಳಿಂದ ಕಿತ್ತುಕೊಂಡ ಪೋರ್ಚುಗೀಸರು ಅವರನ್ನು ಆದಿಲ್ ಖಾನ್ ಎಂಬ ಬಿರುದಿನಿಂದಲೇ ಬಲ್ಲವರು. ತಮ್ಮ ಪುಸ್ತಕಗಳಲ್ಲಿ ಬರೆದದ್ದು ಇದಲ್ಕಾಂವ್. ಖಕಾರ ಅವರಿಗಿಲ್ಲ, ಕಕಾರ ಹಾಕಿಕೊಂಡರು. 'ಆನ್' ಎಂದು ಮುಗಿಯುವುದನ್ನು ತಮ್ಮ ರೂಢಿಯಂತೆ 'ಆಂವ್' ಎಂದು ಮೂಗಿನಲ್ಲಿ ಮುಗಿಸಿದರು. ಯೇಸುವಿನ ಶಿಷ್ಯನ ಹೆಸರಿಗೂ ಅವರು ಮಾಡಿದ್ದು ಅದನ್ನೇ. ಹೀಬ್ರೂವಿನ ಯೋಹಾನಾನ್ ಪೋರ್ಚುಗೀಸಿನಲ್ಲಿ ಜುಆಂವ್ ಆಯಿತು, ಕೊಂಕಣಿಯಲ್ಲಿ ಜುವಾಂವ್ ಆಯಿತು. ಅದೇ ಹೆಸರು ಇಂಗ್ಲಿಷಿನಲ್ಲಿ ಜಾನ್, ಅರೇಬಿಕ್‌ನಲ್ಲಿ ಯಹ್ಯಾ, ಕನ್ನಡ ಬೈಬಲಿನಲ್ಲಿ ಯೋಹಾನ. ಆದಿಲಶಾಹಿ ಮನೆತನ ಕಟ್ಟಿದ ಯೂಸುಫ್‌ನ ಹೆಸರೂ ಹೀಗೆಯೇ: ಯೋಸೇಫ, ಜೋಸೆಫ್, ಕೊಂಕಣಿಯ ಜುಜೆ ಎಲ್ಲ ಒಂದೇ. ಬೆಳಗಾವಿಯ ಕ್ಯಾಂಪಿನ ಒಂದೇ ಬೀದಿಯಲ್ಲಿ ಯೂಸುಫ್, ಜೋಸೆಫ್, ಜುಜೆ ಮೂವರೂ ಇದ್ದರೆ, ಅವರು ಒಂದೇ ಹೆಸರಿನ ಮೂವರು.

ಈಗ ಬಾದಾಮಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಇಡೀ ವಿಷಯ ಅರ್ಥವಾದದ್ದು ಪುಲಕೇಶಿಯಿಂದ.

ಶಾಸನಗಳಲ್ಲಿ ಈ ಹೆಸರು ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಎಂದೆಲ್ಲ ಬರುತ್ತದೆ. ಕಲ್ಲಿನ ಮೇಲೇ ಒಂದು ಗಟ್ಟಿ ರೂಪ ಇರಲಿಲ್ಲ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಚೀನಾದ ಯಾತ್ರಿಕನೊಬ್ಬ ಈ ನಾಡಿಗೆ ಬಂದ. ನಾವು ಶಾಲೆಯಲ್ಲಿ ಓದಿದ ಹ್ಯುಯೆನ್ ತ್ಸಾಂಗ್. ಚೀನೀ ಲಿಪಿಯಲ್ಲಿ ನಮ್ಮ ಹಾಗೆ ಸದ್ದಿಗೊಂದು ಅಕ್ಷರ ಇಲ್ಲ. ಒಂದೊಂದು ಚಿಹ್ನೆ ಒಂದೊಂದು ಉಚ್ಚಾರ, ಜೊತೆಗೆ ಒಂದೊಂದು ಅರ್ಥ. ಹೊರಗಿನ ಹೆಸರು ಬರೆಯಬೇಕಾದರೆ ಅರ್ಥ ಬದಿಗಿಟ್ಟು, ಸದ್ದು ಹತ್ತಿರ ಇರುವ ಚಿಹ್ನೆಗಳನ್ನು ಸಾಲಾಗಿ ಇಡಬೇಕು. ಪುಲಕೇಶಿಗೆ ನಾಲ್ಕು ಚಿಹ್ನೆ ಬಿದ್ದವು. ಯುರೋಪಿನ ವಿದ್ವಾಂಸರು ಅದನ್ನು ಪು-ಲೋ-ಕಿ-ಷೆ ಎಂದು ಓದಿದರು. ಇವತ್ತಿನ ಬೀಜಿಂಗಿನವರು ಅದೇ ನಾಲ್ಕು ಚಿಹ್ನೆ ಓದಿದರೆ ಮೂರನೆಯದು 'ಜಿ' ಎಂದು ಕೇಳುತ್ತದೆ. ಬರೆದಾಗ ಅದು ಕಕಾರವೇ. ಆಮೇಲಿನ ಶತಮಾನಗಳಲ್ಲಿ ಚೀನಾದ ಬಾಯಿ ಬದಲಾಯಿತು, ಚಿಹ್ನೆ ಮಾತ್ರ ಹಾಗೇ ನಿಂತಿತು. ಕಕಾರ ಇಕಾರದ ಪಕ್ಕದಲ್ಲಿ ಮೆತ್ತಗಾಗುವುದು ನಮ್ಮ ನೆರೆಯಲ್ಲೂ ಇದೆ. ಕನ್ನಡದಲ್ಲಿ ಕಿವಿ, ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ಈ ಮೂರರಲ್ಲಿ ಕನ್ನಡ ಮಾತ್ರ ಹಳೆಯ ಕಕಾರವನ್ನು ಬಿಡಲಿಲ್ಲ.

ಇನ್ನು ಆ ಯಾತ್ರಿಕನ ಹೆಸರು ನಮ್ಮಲ್ಲಿ ಏನಾಯಿತು ನೋಡಿ. ನಾವು ಅದನ್ನು ಚೀನಾದವರ ಬಾಯಿಂದ ಕೇಳಲಿಲ್ಲ, ಇಂಗ್ಲಿಷ್ ಪುಸ್ತಕದಲ್ಲಿ ಓದಿದೆವು. ಇಂಗ್ಲಿಷಿನವರು ಹಳೆಯ ಪದ್ಧತಿಯಲ್ಲಿ ಬರೆದ ಸ್ಪೆಲ್ಲಿಂಗನ್ನು ನಾವು ಅಕ್ಷರ ಅಕ್ಷರವಾಗಿ ಓದಿ ಹ್ಯುಯೆನ್ ತ್ಸಾಂಗ್ ಎಂದೆವು. 1958ರಲ್ಲಿ ಚೀನಾ ತನ್ನದೇ ಪದ್ಧತಿ ತಂದಿತು. ಅದರಲ್ಲಿ ಈ ಹೆಸರು 'ಎಕ್ಸ್' ಅಕ್ಷರದಿಂದ ಶುರು. ಈಗ ನಮ್ಮಲ್ಲಿ ಕೆಲವರು ಕ್ಸುವಾನ್‌ಜಾಂಗ್ ಎನ್ನತೊಡಗಿದ್ದಾರೆ. ಆದರೆ ಅವರ ಎಕ್ಸ್ ನಮ್ಮ 'ಶ'ಕ್ಕೆ ಹತ್ತಿರ. ಶ್ವೆನ್‌ಜಾಂಗ್ ಎಂದರೆ ಜಾಸ್ತಿ ಸರಿ. ಅವನು ನಮ್ಮ ಅರಸನ ಹೆಸರನ್ನು ಕಿವಿಯಿಂದ ಕೇಳಿ ಬರೆದ, ಹತ್ತಿರಕ್ಕೆ ಬಂದ. ನಾವು ಅವನ ಹೆಸರನ್ನು ಮೂರನೆಯವರ ಲಿಪಿಯಿಂದ ಎತ್ತಿಕೊಂಡೆವು, ದೂರ ಹೋದೆವು.

ಇನ್ನೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳಗನ್ನಡದ ಪಾಲು, ಪುಲಿ, ಪೂ ಆಮೇಲೆ ಹಾಲು, ಹುಲಿ, ಹೂ ಆದವು. ಪುಲಿಕೇಶಿ ಎಂಬ ಹೆಸರು ಜನರ ಮನೆಗಳಲ್ಲಿ ಬಿಡದೆ ಓಡಾಡಿಕೊಂಡಿದ್ದಿದ್ದರೆ ಇವತ್ತು ಹುಲಿಕೇಶಿ ಎನ್ನುತ್ತಿದ್ದೆವೇನೋ. ಕಲ್ಲಿನ ಮೇಲೆ ಮಲಗಿತ್ತು, ಅದಕ್ಕೆ ಪಕಾರ ಉಳಿಯಿತು.

ಮಿರಜದ ಚೀಟಿಗೆ ಬರೋಣ. ಈರವ್ವ ಅಲ್ಲಿ ಇರಾವ್ವಾ ಆದದ್ದು ಬರೆದವರ ಅಜಾಗರೂಕತೆಯಿಂದಲ್ಲ. ಕನ್ನಡದಲ್ಲಿ ಬಸಪ್ಪ ಎಂದು ಬರೆದರೆ ಕೊನೆಯ ಅಕಾರವನ್ನು ಪೂರ್ತಿ ಹೇಳುತ್ತೇವೆ. ಮರಾಠಿಯಲ್ಲಿ ಪದದ ಕೊನೆಯ ಅಕಾರ ಬರವಣಿಗೆಯಲ್ಲಿದ್ದರೂ ಬಾಯಲ್ಲಿ ಉದುರುತ್ತದೆ. ನಾವು ಪಾಟೀಲ ಎಂದರೆ ಅವರು ಪಾಟೀಲ್. ಹಾಗಾಗಿ ನಮ್ಮ ಕೊನೆಯ ಸ್ವರ ಉಳಿಯಬೇಕಾದರೆ ಅವರು ದೀರ್ಘ ಎಳೆಯಲೇಬೇಕು. ಬಸಾಪ್ಪಾ, ಮಲ್ಲಾಪ್ಪಾ, ಇರಾವ್ವಾ. ನಮ್ಮ ಗಡಿ ಊರುಗಳಲ್ಲಿ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ ಇರುವ ಲಗ್ನಪತ್ರಿಕೆ ಸಿಕ್ಕರೆ ತಿರುವಿ ನೋಡಿ, ಒಂದೇ ಅಜ್ಜ ಎರಡು ಕಡೆ ಎರಡು ಉದ್ದದಲ್ಲಿ ಇರುತ್ತಾನೆ. ಮರಾಠಿಯ ಲಿಪಿಯಲ್ಲಿ ಎ-ಏ, ಒ-ಓ ಎಂಬ ಭೇದವೂ ಇಲ್ಲ. ಆದರೆ ನಮ್ಮ ಳಕಾರ ಮರಾಠಿಯಲ್ಲಿ ಕ್ಷೇಮವಾಗಿದೆ. ಬಾಳಪ್ಪ ಅಲ್ಲಿ ಬಾಳಪ್ಪನೇ. ಹಿಂದಿಗೆ ಹೋದ ಕೂಡಲೇ ಬಾಲಪ್ಪ.

ಮೊದಲ ಅಕ್ಷರ ಗಿಡ್ಡ ಆದದ್ದಕ್ಕೂ ಈ ಕಡೆ ಹಳೆಯ ರೂಢಿಯೊಂದಿದೆ. 1956ರವರೆಗೆ ಬೆಳಗಾವಿ, ವಿಜಾಪುರ ಎರಡೂ ಮುಂಬಯಿ ಆಡಳಿತದಲ್ಲಿದ್ದವು. (ಬಾಗಲಕೋಟೆ ಆಗ ವಿಜಾಪುರದ ಭಾಗ, ಜಿಲ್ಲೆಯಾದದ್ದು 1997ರಲ್ಲಿ.) ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಮೋಡಿ ಎಂಬ ಹಳೆಯ ಮರಾಠಿ ಲಿಪಿಯ ಕಾಗದ ಸಿಗುತ್ತವೆ. ಕೈ ಎತ್ತದೆ ಓಡಿಸಿ ಬರೆಯುವ ಲಿಪಿ ಅದು. ಸಾಮಾನ್ಯವಾಗಿ ಅದರಲ್ಲಿ ಇ-ಈ, ಉ-ಊ ನಡುವೆ ವ್ಯತ್ಯಾಸ ಮಾಡುತ್ತಿರಲಿಲ್ಲ. ಅಂಥ ಕಾಗದದಲ್ಲಿ ಈರವ್ವ, ಇರವ್ವ ಎರಡೂ ಒಂದೇ.

ಮುಂಬಯಿಯ ನೆನಪು ನಮ್ಮ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಇನ್ನೂ ಜೀವಂತ ಇದೆ. ಕವಿತಾ, ಸವಿತಾ, ಲತಾ, ಗೀತಾ ಎಂಬ ಹೆಸರುಗಳನ್ನು ಬೆಳಗಾವಿಯಲ್ಲಿ ಬರೆಯುವಾಗ 'ತ'ಕ್ಕೆ ಬರೀ 'ಟಿ' ಹಾಕುತ್ತೇವೆ. ಮೈಸೂರು, ಬೆಂಗಳೂರಿನ ಕಡೆ 'ಟಿ' ಜೊತೆ 'ಎಚ್' ಹಾಕುತ್ತಾರೆ, ಇಲ್ಲದಿದ್ದರೆ ಅದನ್ನು 'ಟ' ಎಂದು ಓದಿಯಾರು ಎಂದು. ಗೌಡ ಎಂಬುದಕ್ಕೆ ನಮ್ಮಲ್ಲಿ 'ಒ' ಆದ ಮೇಲೆ 'ಯು', ಅಲ್ಲಿ 'ಡಬ್ಲ್ಯು'. ನಾವು ಮಲ್ಲಿಕಾರ್ಜುನ, ಮಂಜುನಾಥ ಬರೆಯುವಾಗ ಕೊನೆಯ 'ಎ' ಬಿಡುತ್ತೇವೆ, ಅವರು ಇಡುತ್ತಾರೆ. ಎರಡೂ ಕನ್ನಡವೇ, ಹೆಸರೂ ಒಂದೇ, ಅಲ್ವಾ? ಆದರೂ ಸ್ಪೆಲ್ಲಿಂಗ್ ನೋಡಿದರೆ ತುಂಗಭದ್ರೆಯ ಯಾವ ದಂಡೆ ಎಂದು ಊಹಿಸಬಹುದು. ನನ್ನ ತಂಗಿಯ ಹೆಸರಿನಲ್ಲಿ ಒಂದು 'ತಾ' ಇದೆ. ಇಲ್ಲಿಯ ಶಾಲೆಯಲ್ಲಿ 'ಎಚ್' ಇರಲಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಗುಮಾಸ್ತರು ತಮ್ಮ ರೂಢಿಯಂತೆ ಹಾಕಿದರು. ಪಾಸ್‌ಪೋರ್ಟ್ ಮಾಡಿಸುವಾಗ ಆ ಒಂದು 'ಎಚ್' ಸಲುವಾಗಿ ಅವಳು ಅಫಿಡವಿಟ್ ಹಿಡಿದು ಮೂರು ಸಲ ಓಡಾಡಿದಳು.

ಈಗ ನಿಜವಾದ ತೊಂದರೆಯ ಜಾಗ. ಕನ್ನಡದಿಂದ ಇಂಗ್ಲಿಷಿಗೆ ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ. ಇಂಗ್ಲಿಷಿಗೆ ಇರುವುದು 26 ಅಕ್ಷರ. ಟ-ತ, ಡ-ದ, ಣ-ನ, ಳ-ಲ ಜೋಡಿಗಳು ಅಲ್ಲಿ ಒಂದೊಂದೇ ಅಕ್ಷರದಲ್ಲಿ ಕರಗುತ್ತವೆ, ಗಿಡ್ಡ ಸ್ವರ ಉದ್ದ ಸ್ವರ ಒಂದಾಗುತ್ತವೆ. ಪಾಸ್‌ಬುಕ್ಕಿನ ಅಜ್ಜಿಯ ಹೆಸರನ್ನೇ ತೆಗೆದುಕೊಳ್ಳಿ. ಮೊದಲ 'ಐ' ಅನ್ನು ಇ, ಈ, ಐ ಎಂದು ಮೂರು ಬಗೆ ಓದಬಹುದು. ನಡುವಿನ 'ಎ' ಅನ್ನು ಅ, ಆ ಎಂದು ಎರಡು ಬಗೆ. ಡಬ್ಲ್ಯು ಜೋಡಿಯನ್ನು ಒತ್ತಿನೊಂದಿಗೆ, ಒತ್ತಿಲ್ಲದೆ ಎರಡು ಬಗೆ. ಕೊನೆಯ 'ಎ' ಮತ್ತೆ ಎರಡು ಬಗೆ. ಗುಣಿಸಿದರೆ 24. ಇಪ್ಪತ್ನಾಲ್ಕರಲ್ಲಿ ಒಂದು ಮಾತ್ರ ನಮ್ಮ ಅಜ್ಜಿ. ಗುರುತಿನ ಚೀಟಿ ಮಾಡುವವರು ಇಂಗ್ಲಿಷ್ ಹೆಸರು ಟೈಪ್ ಮಾಡಿದರು, ಯಂತ್ರ ಕನ್ನಡವನ್ನು ಊಹಿಸಿತು, ಯಾರೂ ತಿದ್ದಲಿಲ್ಲ. ಐರವಾ ಹುಟ್ಟಿದ್ದು ಹಾಗೆ. ಪಕ್ಕೀರಪ್ಪ ಎಂಬ ಬದಲಾವಣೆಯ ಹಿಂದೆ ಒಂದು ಊರಿನ ಬಾಯಿ ಇದೆ, ಹರಕೆ ಇದೆ. ಐರವಾ ಎಂದು ಅವಳನ್ನು ಯಾರೂ ಯಾವತ್ತೂ ಕರೆದಿರಲಿಲ್ಲ.

ಅಡ್ಡಹೆಸರಿಗೂ ಇದೇ ಪಾಡು. ಹಳ್ಳದ ದಂಡೆಯ ಮನೆಯವರು ಹಳ್ಳದ. ಇಂಗ್ಲಿಷಿಗೆ ಹೋಗಿ ಹಿಂದಿಯವರ ಬಾಯಿಗೆ ಬಂದರೆ ಹಲ್ಲದ್, ನೀರು ಹೋಗಿ ಹಲ್ಲು ಬಂತು. ಗಾಣಿಗೇರ ಗನಿಗೇರ ಆಗುತ್ತದೆ. ಹಿರೇಮಠ ಎಂಬುದನ್ನು ದೂರದ ಊರಿನವರು ಹೈರ್‌ಮ್ಯಾಥ್ ಎಂದು ಓದಿದ್ದನ್ನು ನಾನೇ ಕೇಳಿದ್ದೇನೆ. ಅರ್ಜಿಯ ಖಾನೆಗಳೂ ಹೆಸರನ್ನು ಬದಲಿಸುತ್ತವೆ. ನಮ್ಮಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ತುಂಡು. ದಕ್ಷಿಣದ ಕಡೆ ಊರು ಮತ್ತು ಅಪ್ಪ ಮುಂದಿನ ಇನಿಷಿಯಲ್ ಆಗಿಬಿಡುತ್ತಾರೆ. ಎರಡೇ ಖಾನೆ ಇರುವ ಅರ್ಜಿ ಬಂದರೆ ಅಪ್ಪ ಎಲ್ಲಿ ಕೂರಬೇಕು?

ವಾರಸಾ ಓಡಾಟದ ನಂತರ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಯಾವ ಕಾಗದ ಮಾಡಿಸುವಾಗಲೂ ಮೊದಲು ಕನ್ನಡದಲ್ಲಿ ಬರೆದ ಹೆಸರು ತೋರಿಸುತ್ತೇವೆ. ಇಂಗ್ಲಿಷಿಗೆ ಒಂದೇ ಸ್ಪೆಲ್ಲಿಂಗ್ ಗೊತ್ತು ಮಾಡಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಎಲ್ಲರದ್ದೂ ಬರೆದಿಟ್ಟಿದ್ದೇವೆ. ಯಂತ್ರ ಕನ್ನಡಕ್ಕೆ ತಂದದ್ದನ್ನು ಸಹಿ ಹಾಕುವ ಮೊದಲು ಗಟ್ಟಿಯಾಗಿ ಓದುತ್ತೇವೆ. ಓದು ಬಾರದ ಹಿರಿಯರು ಜೊತೆಗಿದ್ದರೆ ಅವರ ಕಿವಿಗೆ ಬೀಳುವ ಹಾಗೆ ಓದುತ್ತೇವೆ. ತಪ್ಪಿದ್ದರೆ ಅವರೇ ಹಿಡಿಯುತ್ತಾರೆ.

ತಂಗಿ ಈಗ ಪುಣೆಯಲ್ಲಿದ್ದಾಳೆ. ಹೋದ ವರ್ಷ ಅವಳಿಗೆ ಹೆಣ್ಣು ಮಗು ಆಯಿತು, ಅಜ್ಜಿಯ ಹೆಸರೇ ಇಡಬೇಕೆಂದಳು. ಈರವ್ವ ಅಲ್ಲಿಯ ಬಾಯಿಗೆ ಭಾರ ಆಗುತ್ತದೆ ಎಂದು ಇರಾ ಎಂದು ಇಟ್ಟರು. ಅಲ್ಲಿಯ ನೆರೆಯವರು ಅದನ್ನು ಸಂಸ್ಕೃತದ ಹೆಸರು ಎಂದುಕೊಂಡಿದ್ದಾರೆ, ಸಂಸ್ಕೃತದಲ್ಲಿ ಹಾಗೊಂದು ಪದ ಇರುವುದೂ ನಿಜ. ಜಾತ್ರೆಗೆ ಊರಿಗೆ ಕರೆತಂದಾಗ ನಮ್ಮ ಅವ್ವ ಪಡಸಾಲೆಯಲ್ಲಿ ಕೂತು, ಎರಡೂ ಕೈ ಚಾಚಿ, "ಈರವ್ವಾ, ಬಾರವ್ವ ಇಲ್ಲಿ" ಎಂದಳು. ಮಗು ಅಂಬೆಗಾಲಿಟ್ಟುಕೊಂಡು ಅವಳ ಕಡೆಗೇ ಹೋಯಿತು.